ಲಸಿಕೆ, ಶೇಕಡಾ ಮತ್ತು ಮರೆತುಹೋದ ಛೇದ

2021ರ ಕೋವಿಡ್ ಲಸಿಕಾ ಅಭಿಯಾನದ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾವಂತರು ಒಂದು ತೀರ್ಪು ಕೊಡುತ್ತಾರೆ: ಹಳ್ಳಿಯ ಜನ ಅಜ್ಞಾನದಿಂದ ಹಿಂಜರಿದರು. ಇದನ್ನು ನಾನು ಒಪ್ಪಲಾರೆ. ಆ ವರ್ಷ ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ರೈತರೊಬ್ಬರು ನನ್ನನ್ನು ಕೇಳಿದರು: "ಸೂಜಿ ಹಾಕಿಸಿಕೊಂಡವರಿಗೂ ಬಂತಲ್ಲ ಸಾರ್, ಮತ್ಯಾಕೆ ಹಾಕಿಸಿಕೊಳ್ಳೋದು?" ಇದು ಕಂಡದ್ದನ್ನು ಎಣಿಸಿ ಕೇಳಿದ ಪ್ರಶ್ನೆ. ಪಕ್ಕದಲ್ಲಿದ್ದ ಪದವೀಧರರೊಬ್ಬರು ಉತ್ತರಿಸಿದರು: "ಅದರ ಶಕ್ತಿ ಶೇಕಡಾ 70. ನೂರರಲ್ಲಿ ಮೂವತ್ತು ಜನರಿಗೆ ಬಂದೇ ಬರುತ್ತದೆ." ಅಜ್ಞಾನ ಇದ್ದದ್ದು ಈ ಉತ್ತರದಲ್ಲಿ.

ಭಾರತದಲ್ಲಿ ಕೋವಿಶೀಲ್ಡ್ ಎಂಬ ಹೆಸರಿನಲ್ಲಿ ಬಂದ ಲಸಿಕೆಯ ಪ್ರಯೋಗ ಫಲಿತಾಂಶ 2020ರ ಡಿಸೆಂಬರಿನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬ್ರಿಟನ್ ಮತ್ತು ಬ್ರೆಜಿಲ್‌ಗಳಲ್ಲಿ ಅದನ್ನು ಪಡೆದ 5,807 ಜನರಲ್ಲಿ 30 ಮಂದಿಗೆ ರೋಗ ಬಂದಿತ್ತು. ಪಡೆಯದ 5,829 ಜನರಲ್ಲಿ 101 ಮಂದಿಗೆ. ಅಂದರೆ ನೂರಕ್ಕೆ ಸುಮಾರು 0.5 ಮತ್ತು 1.7. ಈ ಇಳಿಕೆಯೇ ಶೇಕಡಾ 70. ಅದು ಎರಡು ಗುಂಪುಗಳ ಹೋಲಿಕೆಯೇ ಹೊರತು ರೋಗಿಗಳ ಎಣಿಕೆಯಲ್ಲ.

ರೈತರ ಪ್ರಶ್ನೆಗೆ ಬರೋಣ. ಸಾವಿರ ಜನರ ಒಂದು ಊರನ್ನು ಕಲ್ಪಿಸಿಕೊಳ್ಳಿ. 900 ಜನ ಲಸಿಕೆ ಪಡೆದಿದ್ದಾರೆ, 100 ಜನ ಪಡೆದಿಲ್ಲ. ಪಡೆಯದವರಲ್ಲಿ ನೂರಕ್ಕೆ 20 ಮಂದಿಗೆ ರೋಗ ಬಂದರೆ, ಪಡೆದವರಲ್ಲಿ ಬರುವುದು ನೂರಕ್ಕೆ 6. ಹಾಗಾದರೆ ರೋಗಿಗಳಲ್ಲಿ ಲಸಿಕೆ ಪಡೆದವರು 54, ಪಡೆಯದವರು 20. ಅಂಗಡಿ ಕಟ್ಟೆಯ ಮೇಲೆ ಕುಳಿತು ಎಣಿಸಿದವರಿಗೆ ಲಸಿಕೆ ವ್ಯರ್ಥವೆಂದೇ ಕಾಣುತ್ತದೆ. ಅವರ ಎಣಿಕೆ ಸರಿ, ಬಿಟ್ಟುಹೋದದ್ದು ಛೇದ. ಲಸಿಕೆಯೇ ಇಲ್ಲದಿದ್ದರೆ ಅದೇ ಊರಿನಲ್ಲಿ ರೋಗಿಗಳು 74ರ ಬದಲು 200. ಡೆಲ್ಟಾ ತಳಿ ಬಂದಮೇಲೆ ಸೋಂಕು ತಡೆಯುವ ಶಕ್ತಿ ತಗ್ಗಿತು, ತೀವ್ರ ರೋಗದಿಂದ ರಕ್ಷಣೆ ಬಹುಮಟ್ಟಿಗೆ ಉಳಿಯಿತು. ಈ ವ್ಯತ್ಯಾಸವನ್ನೂ ನಾವು ಬಿಡಿಸಿ ಹೇಳಲಿಲ್ಲ. ಭಿನ್ನರಾಶಿಯನ್ನು ಪ್ರಾಥಮಿಕ ಶಾಲೆಯಲ್ಲೇ ಕಲಿಸುವ ನಾವು ಇಂಥದೊಂದು ಲೆಕ್ಕವನ್ನು ಪದವಿ ತರಗತಿಯವರೆಗೂ ಕೊಡುವುದಿಲ್ಲ. ಮನೆಯಲ್ಲಿ ತೆಲುಗು, ಉರ್ದು ಆಡುವ ಗಡಿನಾಡಿನ ಜನರಿಗೆ ಗ್ರಾಂಥಿಕ ಕನ್ನಡದ ಕರಪತ್ರ ಎಷ್ಟು ತಲುಪೀತು ಎಂಬುದು ಬೇರೆಯೇ ಮಾತು.

ಭೌತವಿಜ್ಞಾನದವರ ಪಾಲಿನ ಲೋಪವೂ ಇದೆ. 2021ರ ಜೂನ್‌ನಲ್ಲಿ ನಾಸಿಕದಿಂದ ಹೊರಟ 'ಲಸಿಕೆಯಿಂದ ಮೈ ಅಯಸ್ಕಾಂತವಾಗುತ್ತದೆ' ಎಂಬ ಸುದ್ದಿಗೆ ನಾವು ನಕ್ಕು ಸುಮ್ಮನಾದೆವು. ಲೆಕ್ಕ ಸುಲಭವಿತ್ತು. ಒಂದು ಡೋಸ್ 0.5 ಮಿಲಿಲೀಟರ್. ಅದಷ್ಟೂ ಶುದ್ಧ ಕಬ್ಬಿಣವೇ ಆಗಿದ್ದರೂ ತೂಕ ಸುಮಾರು 3.9 ಗ್ರಾಂ, ಹೆಚ್ಚುಕಡಿಮೆ ಅಷ್ಟು ಕಬ್ಬಿಣ ವಯಸ್ಕರ ದೇಹದಲ್ಲಿ ಮೊದಲೇ ಇದೆ. ಕಾಂತತ್ವ ಪಡೆಯದ ಕಬ್ಬಿಣ ಚಮಚವನ್ನು ಸೆಳೆಯುವುದೂ ಇಲ್ಲ. ಚಮಚ ಅಂಟುವುದು ಬೆವರು, ಎಣ್ಣೆಯಂಶಗಳ ಜಿಗುಟಿನಿಂದ. ತೋಳಿಗೆ ಪೌಡರ್ ಸವರಿದರೆ ಜಾರಿ ಬೀಳುತ್ತದೆ. ತರಗತಿಯಲ್ಲಿ ಎರಡು ನಿಮಿಷದಲ್ಲಿ ಮಾಡಿ ನೋಡಬಹುದು.