ಅಸಿರ್ಟಿಕೊ: ಹುಳಿಯ ಬಲ, ಓಕ್‌ನ ಮಿತಿ

ಅಸಿರ್ಟಿಕೊ ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದ ಬಿಳಿ ದ್ರಾಕ್ಷಿ ತಳಿ. ಬಿಸಿಲ ಸೀಮೆಯ ದ್ರಾಕ್ಷಿಯಲ್ಲಿ ಸಕ್ಕರೆ ಏರಿದಂತೆ ಹುಳಿ ಇಳಿಯುವುದು ಸಾಮಾನ್ಯ. ಹುಳಿ ಸತ್ತ ಹಣ್ಣಿನ ವೈನ್ ಸಪ್ಪೆ. ಅಸಿರ್ಟಿಕೊ ಪೂರ್ತಿ ಮಾಗಿದ ಮೇಲೂ ಹುಳಿಯನ್ನು ಉಳಿಸಿಕೊಳ್ಳುತ್ತದೆ. ಆದ್ದರಿಂದ ಶೇ. 13-14ರಷ್ಟು ಮದ್ಯಸಾರವಿದ್ದರೂ ಅದರ ವೈನ್ ಬಿಗಿ ಕಳೆದುಕೊಳ್ಳುವುದಿಲ್ಲ. ತಯಾರಕರು ಈ ಹುಳಿಯನ್ನು ಹೇಗೆ ನಡೆಸಿಕೊಂಡಿದ್ದಾರೆ ಎಂಬುದರ ಮೇಲೆಯೇ ಪ್ರತಿ ಬಾಟಲಿಯ ಗುಣ ನಿಂತಿದೆ.

ಸುಮಾರು 3,600 ವರ್ಷಗಳ ಹಿಂದಿನ ಜ್ವಾಲಾಮುಖಿ ಸ್ಫೋಟ ದ್ವೀಪವನ್ನು ಬೂದಿ, ಪ್ಯೂಮಿಸ್ ಕಲ್ಲುಗಳಿಂದ ಮುಚ್ಚಿತು. ಜೇಡಿ ತೀರ ಕಡಿಮೆಯಿರುವ ಈ ಮಣ್ಣಿನಲ್ಲಿ, 19ನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನು ನುಂಗಿದ ಫಿಲಾಕ್ಸೆರಾ ಕೀಟ ನೆಲೆಯೂರಲಿಲ್ಲ. ಬಳ್ಳಿಗಳು ಕಸಿಯಿಲ್ಲದೆ ಇಂದಿಗೂ ಸ್ವಂತ ಬೇರಿನ ಮೇಲೆ ಬೆಳೆಯುತ್ತವೆ. ಗಾಳಿ ಜೋರಾದ್ದರಿಂದ ಅವನ್ನು ನೆಲಕ್ಕಂಟಿದ ಬುಟ್ಟಿಯಾಕಾರದಲ್ಲಿ ಸುತ್ತುತ್ತಾರೆ. ಕುಲೂರಾ ಎಂಬ ಈ ಪದ್ಧತಿಯಲ್ಲಿ ಗೊಂಚಲುಗಳು ಬುಟ್ಟಿಯೊಳಗೆ ಮರೆಯಾಗಿರುತ್ತವೆ.

ವೈನಿನ ಉಪ್ಪುಪ್ಪಾದ, ಕಲ್ಲಿನಂಥ ರುಚಿ ನೇರವಾಗಿ ಜ್ವಾಲಾಮುಖಿಯಿಂದ ಬಂದದ್ದೆಂಬ ಪ್ರಚಾರವನ್ನು ಒಪ್ಪುವುದು ಕಷ್ಟ. ಬೇರು ಬಂಡೆಯ ರುಚಿಯನ್ನು ಹಣ್ಣಿಗೆ ಸಾಗಿಸುವುದಿಲ್ಲ. ಮಣ್ಣು ಕೆಲಸ ಮಾಡುವ ದಾರಿ ಬೇರೆ: ಪೊಟ್ಯಾಸಿಯಂ ಕಡಿಮೆಯಿರುವುದರಿಂದ ರಸದ ಪಿಎಚ್ ಕೆಳಮಟ್ಟದಲ್ಲಿರುತ್ತದೆ, ನೀರಿನ ಕೊರತೆಯಿಂದ ಫಸಲು ತಗ್ಗಿ ರಸ ಗಟ್ಟಿಯಾಗುತ್ತದೆ.

ಸ್ಟೀಲ್ ತೊಟ್ಟಿಯಲ್ಲಿ ಹುದುಗಿಸಿದ ಸಿಹಿಯಿಲ್ಲದ ವೈನ್‌ನಲ್ಲಿ ತಳಿಯ ಸ್ವಭಾವ ಅತ್ಯಂತ ಸ್ಪಷ್ಟ: ಪರಿಮಳ ಮಿತವಾದದ್ದು, ನಿಂಬೆಸಿಪ್ಪೆಯ ಒಗರು, ಬಾಯಲ್ಲಿ ತೂಕ. ಹೊಸದರಲ್ಲಿ ಅದು ಒರಟೆನಿಸಬಹುದು. ಕೆಲವು ವರ್ಷ ಇಟ್ಟರೆ ಹದಕ್ಕೆ ಬರುತ್ತದೆ. ನಿಕ್ತೇರಿ ಎಂಬ ಸಾಂಪ್ರದಾಯಿಕ ಬಗೆಗೆ ಕನಿಷ್ಠ ಶೇ. 13.5 ಮದ್ಯಸಾರ, ಮೂರು ತಿಂಗಳ ಓಕ್ ಪೀಪಾಯಿವಾಸ ಕಡ್ಡಾಯ. ಹಳೆಯ ಪೀಪಾಯಿ ವೈನಿಗೆ ಮೈ ತುಂಬುತ್ತದೆ. ಹೊಸ ಓಕ್‌ನ ವೆನಿಲಾ ಘಮವಾದರೋ ಮೊದಲೇ ಮಿತವಾದ ಪರಿಮಳವನ್ನು ಮುಚ್ಚಿಹಾಕುತ್ತದೆ. ನಿಕ್ತೇರಿ ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಸಿಹಿಯಾದ ವಿನ್‌ಸಾಂತೊ ತಳಿಯ ದೊಡ್ಡ ಸಾಧನೆ. ಇದರಲ್ಲಿ ಕನಿಷ್ಠ ಶೇ. 51 ಅಸಿರ್ಟಿಕೊ ಇರಬೇಕು. ಜೊತೆಗೆ ಐದಾನಿ, ಅಥಿರಿ ತಳಿಗಳು ಸೇರುತ್ತವೆ. ಬಿಸಿಲಲ್ಲಿ ಒಣಗಿಸಿದ ಹಣ್ಣಿನ ರಸ ಹುದುಗಿ, ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿ ಮಾಗುತ್ತದೆ. ಒಣದ್ರಾಕ್ಷಿ, ಅಂಜೂರ, ಕಾಫಿಯ ನೆನಪು ತರುವ ಈ ವೈನಿನಲ್ಲಿ ಸಕ್ಕರೆ ಅಪಾರವಾಗಿದ್ದರೂ ಮುಖ ಹೊಡೆಯುವುದಿಲ್ಲ. ಹುಳಿ ಅದನ್ನು ಎತ್ತಿ ಹಿಡಿಯುತ್ತದೆ.

ಗ್ರೀಸ್‌ನ ಮುಖ್ಯ ಭೂಭಾಗಕ್ಕೂ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಗೂ ಈ ತಳಿ ಹೋಗಿದೆ. ಅಲ್ಲಿನ ವೈನ್‌ಗಳಲ್ಲಿ ಹಣ್ಣಿನ ಸೊಗಡು ಹೆಚ್ಚು. ಹುಳಿಯೂ ಚೆನ್ನಾಗಿಯೇ ಉಳಿದಿದೆ. ದ್ವೀಪದ ವೈನಿನ ಗಟ್ಟಿತನ ಮಾತ್ರ ಅಲ್ಲಿ ಅಪರೂಪ. ಹುಳಿ ಮುಖ್ಯವಾಗಿ ತಳಿಯದು, ಗಟ್ಟಿತನ ನೆಲದ್ದು ಎಂದು ಇದರಿಂದ ಹೇಳಬಹುದು. ಆದರೆ ಆ ನೆಲ ಅಗ್ಗವಲ್ಲ: ಬುಟ್ಟಿ ಬಳ್ಳಿಗೆ ಯಂತ್ರ ಒಗ್ಗದು, ಫಸಲು ಅಲ್ಪ, ಪ್ರವಾಸೋದ್ಯಮ ತೋಟದ ಜಾಗ ಕೇಳುತ್ತಿದೆ. ಸ್ಯಾಂಟೊರಿನಿ ಬಾಟಲಿಯ ಏರಿದ ಬೆಲೆಗೆ ಈ ಕಾರಣಗಳಿವೆ. ಓಕ್‌ನಲ್ಲಿ ಮುಳುಗಿದ ವೈನಿಗೆ ಅದೇ ಬೆಲೆ ತೆರಲು ಕಾರಣವಿಲ್ಲ.