ಹಳದಿ ಚೀಲದ ಹುಸಿ ಕೀರ್ತಿ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ಹೊಗಳಿಕೆಯ ಕೊರತೆಯಿಲ್ಲ. ಬಣ್ಣಬಣ್ಣದ ಚೀಲ, ಬಾರ್‌ಕೋಡ್, ಕಸ ಮುಟ್ಟುವ ಸಿಬ್ಬಂದಿಗೆ ಹೆಪಟೈಟಿಸ್ ಬಿ ಲಸಿಕೆ, ಎಲ್ಲವೂ ಒಳ್ಳೆಯವೇ. ವಿಷದ ಔಷಧಿಯನ್ನು ಕಪ್ಪು ಚೀಲಕ್ಕೆ ಹಾಕಿ ಹೂಳಲೂ ಬಿಟ್ಟಿದ್ದ 1998ರ ನಿಯಮಗಳಿಗಿಂತ ಇವು ಮೇಲು ಎಂದೂ ಒಪ್ಪೋಣ. ನನ್ನ ತಕರಾರು ಮೊದಲ ಅನುಸೂಚಿಯಲ್ಲಿ ಕ್ಯಾನ್ಸರ್ ಔಷಧಿಗಳ ಬಗ್ಗೆ ಇರುವ ಒಂದೇ ವಾಕ್ಯದ ಮೇಲೆ.

ಆ ವಾಕ್ಯದ ಸಾರ ಹೀಗಿದೆ: ಹಳದಿ ಚೀಲ ಸೇರುವ ಅವಧಿ ಮೀರಿದ ಸೈಟೋಟಾಕ್ಸಿಕ್ (ಜೀವಕೋಶಗಳನ್ನೇ ಕೊಲ್ಲುವ) ಔಷಧಿಯನ್ನೂ ಅದು ಸೋಕಿದ ವಸ್ತುಗಳನ್ನೂ ತಯಾರಕರಿಗೋ ಸರಬರಾಜುದಾರರಿಗೋ ಹಿಂದಿರುಗಿಸಬೇಕು, ಅಥವಾ 1200 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಸುಡಲು ಸಾಮೂಹಿಕ ಸಂಸ್ಕರಣಾ ಘಟಕಕ್ಕೋ ಅಪಾಯಕಾರಿ ತ್ಯಾಜ್ಯ ಘಟಕಕ್ಕೋ ಕಳಿಸಬೇಕು, ಅಥವಾ ಡ್ರಮ್ಮಿಗೆ ತುಂಬಿ ಸಿಮೆಂಟಿನಂಥದ್ದರಿಂದ ಮುಚ್ಚಬೇಕು, ಅಥವಾ ಪ್ಲಾಸ್ಮಾ ಪೈರಾಲಿಸಿಸ್ ಎಂಬ ಅತಿ ಶಾಖದ ವಿಧಾನದಿಂದ ವಿಘಟಿಸಬೇಕು. ಇಷ್ಟು ದಾರಿ ತೋರಿಸಿದ ಮೇಲೆ ಹೊಣೆ ಯಾರದು? ಸೀಲು ಒಡೆಯದ ಬಾಟಲಿಯನ್ನು ಕಂಪನಿ ವಾಪಸು ಪಡೆದೀತು. ಒದ್ದೆಯಾದ ಕೈಗವಸು, ಡ್ರಿಪ್ ಸೆಟ್ಟುಗಳನ್ನು ಯಾವ ಸರಬರಾಜುದಾರ ಹೊತ್ತೊಯ್ಯುತ್ತಾನೆ? ಸಿಮೆಂಟಿನೊಳಗೆ ಹೋದ ಔಷಧಿ ನಾಶವಾಗುವುದಿಲ್ಲ, ಕಣ್ಮರೆಯಾಗುತ್ತದೆ ಅಷ್ಟೆ.

ನಿಜವಾದ ಬಿರುಕು ಪುಟ ತಿರುವಿದರೆ ಕಾಣುತ್ತದೆ. ಎರಡನೇ ಅನುಸೂಚಿ ಇನ್ಸಿನರೇಟರಿನ, ಅಂದರೆ ತ್ಯಾಜ್ಯ ಸುಡುವ ಕುಲುಮೆಯ, ಎರಡನೇ ಕೋಣೆಗೆ ಕೇಳುವ ಕನಿಷ್ಠ ಶಾಖ 1050 ಡಿಗ್ರಿ, 50ರಷ್ಟು ಅತ್ತಿತ್ತ. ಅಂದರೆ ಒಂದು ಘಟಕ ತನ್ನ ಮಾನದಂಡವನ್ನು ಚಾಚೂ ತಪ್ಪದೆ ಪಾಲಿಸಿಯೂ ಈ ಔಷಧಿಯನ್ನು ಸುಡಲು ಯೋಗ್ಯವಾಗದೆ ಇರಬಹುದು. ಇಂಥ ಔಷಧಿಗಳಲ್ಲೊಂದಾದ ಸೈಕ್ಲೋಫಾಸ್ಫಮೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಂಥದ್ದು ಅರೆಬೆಂದರೆ ಹೊಗೆಯಲ್ಲಿ ಹೊರಬೀಳುವ ಅಪಾಯವಿದೆ.

"ಕಾನೂನು ಚೆನ್ನಾಗಿದೆ, ಜಾರಿ ಸರಿಯಿಲ್ಲ" ಎನ್ನುವ ವಿಮರ್ಶಕರೊಡನೆ ನನ್ನ ಜಗಳ ಇಲ್ಲೇ. ಅವರ ತೀರ್ಪು ಕೊನೆಗೆ ಬಂದು ಬೀಳುವುದು ಆಯಾಗಳು, ವಾರ್ಡ್ ಬಾಯ್‌ಗಳ ತಲೆಗೆ: ತಪ್ಪು ಚೀಲಕ್ಕೆ ಹಾಕಿದರು, ತರಬೇತಿ ಸಾಲದು. ಸರಿಯಾದ ಚೀಲಕ್ಕೇ ಹಾಕಿದರೂ ಅದು ಸೇರುವ ಬೆಂಕಿಯ ಶಾಖ ಸಾಲದಿದ್ದರೆ ಆಯಾ ಏನು ಮಾಡಿಯಾಳು? ಕರಡು ಬರೆದವರ ಅಜಾಗರೂಕತೆಗೆ ಕಸ ಹೊರುವವರನ್ನು ಹೊಣೆ ಮಾಡುವುದು ವಿಮರ್ಶೆಯಲ್ಲ, ವಕಾಲತ್ತು.

ಈ ನಿಯಮ ಬಣ್ಣ ವಿಂಗಡಿಸುವುದರಲ್ಲಿ ಗೆದ್ದಿದೆ, ವಿಷ ಕೊನೆಗಾಣಿಸುವುದರಲ್ಲಿ ಸೋತಿದೆ. ಸೈಟೋಟಾಕ್ಸಿಕ್ ತ್ಯಾಜ್ಯ ಒಪ್ಪಿಕೊಳ್ಳುವ ಪ್ರತಿಯೊಂದು ಘಟಕವೂ 1200 ಡಿಗ್ರಿಯ ದಾಖಲೆಯನ್ನು ಆಸ್ಪತ್ರೆಗೆ ತೋರಿಸಲೇಬೇಕೆಂದು ತಿದ್ದುಪಡಿ ಬರುವವರೆಗೆ, ಹೊಗಳಿಕೆಯನ್ನು ತಡೆಹಿಡಿಯಿರಿ.