ಸೀಳು ಮತ್ತು ಸೇತು: ಸ್ಟೆನ್ಸಿಲ್ ಅಕ್ಷರಶೈಲಿಯ ಕನ್ನಡ ರೂಪಾಂತರ

ಅಕ್ಷರವಿನ್ಯಾಸವನ್ನು ಬರಿಯ ಅಲಂಕಾರವೆಂದು ಬದಿಗಿಡುವ ವಾಡಿಕೆ ನಮ್ಮ ಭಾಷಾಧ್ಯಯನದಲ್ಲಿ ಇನ್ನೂ ಇದೆ. ಸ್ಟೆನ್ಸಿಲ್ ಶೈಲಿಯನ್ನು ಕನ್ನಡಕ್ಕೆ ಹೊಂದಿಸಲು ಹೊರಟಾಗ ಆ ವಾಡಿಕೆ ನಿಲ್ಲಲಾರದು ಎಂಬುದು ನಮ್ಮ ವಾದ.

ಅಮೆರಿಕದಲ್ಲಿ 1937ರ ಒಂದೇ ವರ್ಷ ಈ ಹೆಸರಿನ ಎರಡು ಅಕ್ಷರಶೈಲಿಗಳು ಬಂದವು. ಲಡ್ಲೋ ಸಂಸ್ಥೆಗೆ ಹಂಟರ್ ಮಿಡಲ್‌ಟನ್, ಅಮೆರಿಕನ್ ಟೈಪ್ ಫೌಂಡರ್ಸ್‌ಗೆ ಗೆರ್ರಿ ಪೊವೆಲ್ ಅವುಗಳನ್ನು ರೂಪಿಸಿದರು. ಪೊವೆಲ್‌ರದು ದಪ್ಪ ಗೆರೆಯ, ಅಂಚು ದುಂಡಾದ, ದೊಡ್ಡಕ್ಷರಗಳು ಮಾತ್ರ ಇರುವ ಶೈಲಿ. ತಗಡಿನಲ್ಲಿ ರೋಮನ್ 'ಓ' ಕೊರೆದರೆ ನಡುವಿನ ತುಂಡು ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡುವ ಸೇತು ಅಕ್ಷರದಲ್ಲಿ ಬಿರುಕಾಗಿ ಕಾಣುತ್ತದೆ. ಸೀಸದ ಅಚ್ಚುಮೊಳೆಗೆ ಇಂಥ ಸೇತು ಬೇಕಿಲ್ಲ. ಆದರೂ ಬಿರುಕನ್ನು ಉಳಿಸಿಕೊಂಡದ್ದರಿಂದ, ಕೆಲಸದ ಕುರುಹಾಗಿದ್ದುದು ಸರಕಿನ ಪೆಟ್ಟಿಗೆ, ಸೇನೆ, ಒರಟುತನಗಳ ಸಂಕೇತವಾಯಿತು. 1972ರಲ್ಲಿ ಆರಂಭವಾದ 'ಮ್ಯಾಷ್' ದೂರದರ್ಶನ ಸರಣಿಯ ಶೀರ್ಷಿಕೆಯಲ್ಲಿ ಈ ಸಂಕೇತಕ್ಕೆ ವಿವರಣೆಯೇ ಬೇಕಾಗಲಿಲ್ಲ. ಅಂಚನ್ನು ಸವೆದಂತೆ, ಬಣ್ಣ ಹಬ್ಬಿದಂತೆ ತೋರಿಸುವ ಇಂದಿನ ಶೈಲಿಗಳು ಅನುಕರಣೆಯ ಅನುಕರಣೆ. ಅವುಗಳ ಬಗೆಗೆ ನಮಗೆ ಹೆಚ್ಚಿನ ಆದರವಿಲ್ಲ.

ರೋಮನ್ 'ಓ' ಎರಡು ಕಡೆ ಸೀಳಿದರೂ 'ಓ' ಆಗಿಯೇ ಉಳಿಯುತ್ತದೆ. ಕನ್ನಡದಲ್ಲಿ ಹಾಗಲ್ಲ. 'ರ'ದ ವೃತ್ತ ಮುಚ್ಚಿದ್ದು, 'ಗ'ದ ಕಮಾನು ಕೆಳಗೆ ತೆರೆದದ್ದು. 'ರ'ದ ತಳದಲ್ಲಿ ಸೇತು ಇಟ್ಟರೆ ದೂರದಿಂದ ನೋಡುವವನಿಗೆ 'ರವಿ'ಯು 'ಗವಿ'ಯಾದೀತು, 'ರಜ'ವು 'ಗಜ'ವಾದೀತು. ಮಹಾಪ್ರಾಣದ ಸಮಸ್ಯೆ ಇನ್ನೂ ಸೂಕ್ಷ್ಮ. ಅಕ್ಷರ ಕಲಿಸುವಾಗ 'ಹೊಟ್ಟೆ ಸೀಳುವುದು' ಎನ್ನುವ ಆ ಕಿರುಗೆರೆಯೊಂದೇ 'ದನ'ವನ್ನು 'ಧನ'ದಿಂದ ಬೇರ್ಪಡಿಸುತ್ತದೆ. (ಉಚ್ಚಾರಣೆಯಲ್ಲಿ ಈ ಭೇದ ಅನೇಕರಲ್ಲಿ ಅಳಿದಿರುವುದರಿಂದ ಬರಹದ ಮೇಲಿನ ಹೊರೆ ಇನ್ನೂ ಹೆಚ್ಚು.) ಎಲ್ಲ ಅಕ್ಷರಗಳನ್ನೂ ನಡುವೆ ಲಂಬವಾಗಿ ಸೀಳುವ ರೋಮನ್ ಕ್ರಮವನ್ನು ಹಾಗೆಯೇ ತಂದರೆ, ವಿನ್ಯಾಸದ ಸೀಳು ಬೀಳುವುದು ಧ್ವನಿಮಾತ್ಮಕ ಗುರುತು ನಿಲ್ಲುವ ಸ್ಥಳದಲ್ಲಿಯೇ. 'ಠ'ವನ್ನು 'ರ'ದಿಂದ ಬೇರ್ಪಡಿಸುವ ಒಳಚುಕ್ಕೆಯಂತೂ ಒರಟು ಅಂಚಿನ ಶೈಲಿಯಲ್ಲಿ ಕಲೆಯೆಂದೇ ತೋರೀತು.

ಆದ್ದರಿಂದ ಸೇತುವಿನ ಸ್ಥಾನವನ್ನು ಲಿಪಿಯ ಭೇದಕ ಲಕ್ಷಣಗಳು ನಿರ್ಧರಿಸಬೇಕು. ತಲೆಕಟ್ಟು ಒಡಲನ್ನು ಸೇರುವ ಸಂಧಿಯ ಬಳಿ, ಅಥವಾ ವೃತ್ತದ ಪಕ್ಕಗಳಲ್ಲಿ ಓರೆಯಾಗಿ ಸೀಳುವುದು ಸುರಕ್ಷಿತ, ತಳವನ್ನು ಮುಟ್ಟಕೂಡದು. 'ಗ'ದಂತಹ ತೆರೆದ ಅಕ್ಷರಗಳಿಗೆ ಸೇತುವೇ ಬೇಡವಾದ್ದರಿಂದ, ಸಾಲಿನ ಏಕರೂಪತೆಗಾಗಿ ಮೇಲ್ಭಾಗದಲ್ಲಷ್ಟೇ ಒಂದು ಸೀಳು ಕೊಡಬಹುದು. ಒತ್ತಕ್ಷರಗಳು ಗಾತ್ರದಲ್ಲಿ ಚಿಕ್ಕವು. ಅಲ್ಲಿ ಸೇತುವಿನ ಅಗಲವನ್ನು ಅದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಮಸಿ ತುಂಬಿ ಮುಚ್ಚಿಹೋಗುತ್ತದೆ. ಭಿತ್ತಿಪತ್ರದ ಒಂದೆರಡು ಪದಗಳಿಗೆ, ಪುಸ್ತಕದ ಮುಖಪುಟಕ್ಕೆ ಈ ಶೈಲಿ ಸಲ್ಲುತ್ತದೆ. ಔಷಧಿಯ ಹೆಸರಿಗೆ, ರಸ್ತೆಯ ಫಲಕಕ್ಕೆ ಸಲ್ಲದು.